ಹಸೀದು, ಹಸಿರ್ದು

ಉಸ್ಸ್ ಎಂದು ಹಬೆಕೋಣೆಯ ಬಾಗಿಲು ಉಸಿರು ಬಿಟ್ಟಿತು. ದಿನಕ್ಕೆ ನಾಲ್ಕು ಸಲ ಕೇಳುವ ಸದ್ದು. ಕೇಳಿಸಿದೊಡನೆ ಗಾಡಿಯಮ್ಮ ಅಂಗಿಯ ತೋಳು ಮೇಲಕ್ಕೆ ಮಡಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಾಳೆ, ಮೊದಲ ಹಬೆ ಹಾರಿಹೋಗಲಿ ಎಂದು. ಆಮೇಲೆ ಒಳಗೆ ಕೈಹಾಕಿ ನೂಲಿನ ಕೋನುಗಳನ್ನು ಒಂದೊಂದಾಗಿ ತೆಗೆದು ಗಾಡಿಗೆ ಜೋಡಿಸುತ್ತಾಳೆ. ಒಣಗಿದ ನೂಲು ಮಗ್ಗದ ರಭಸಕ್ಕೆ ಪಟಪಟನೆ ಹರಿಯುತ್ತದೆ. ಅದಕ್ಕೆ ಹಬೆ ಕುಡಿಸಬೇಕು. ಕುಡಿದ ನೂಲು ಒಂದು ರಾತ್ರಿ ಗೋದಾಮಿನಲ್ಲಿ ಆರಬೇಕು. ಆರದ್ದನ್ನು ಮಗ್ಗಗಳ ಶೆಡ್ಡಿನಲ್ಲಿ ಎಲ್ಲರೂ ‘ಹಸೀದು’ ಎನ್ನುತ್ತಾರೆ. ತೀರಾ ಅವಸರವಿದ್ದರೆ ಹಸೀದನ್ನೂ ಹಾಕುವುದುಂಟು.

ಗಾಡಿಯಮ್ಮ ಎಂಬುದು ಅವಳ ಹೆಸರಲ್ಲ. ಮಿಲ್ಲಿಗೆ ಬಂದ ಮೊದಲ ವಾರವೇ ಅಂಟಿದ್ದು. ಇಪ್ಪತ್ತಾರು ವರ್ಷವಾದರೂ ಬಿಟ್ಟಿಲ್ಲ. ಹಾಜರಿ ಪಟ್ಟಿಯಲ್ಲಿರುವ ಹೆಸರನ್ನು ಯಾರಾದರೂ ಕೂಗಿದರೆ ಅವಳೇ ಒಂದು ಗಳಿಗೆ, ಯಾರಪ್ಪಾ ಅದು, ಎಂದು ಸುತ್ತ ನೋಡುತ್ತಾಳೆ. ನಲವತ್ತು ಮಗ್ಗಗಳಿಗೆ ಹೊಕ್ಕಿನ ನೂಲು ಮುಟ್ಟಿಸುವುದು ಅವಳ ಕೆಲಸ. ಉದ್ದಕ್ಕೆ ಬಿಗಿದ ಹಾಸಿನ ನಡುವೆ ಅಡ್ಡ ನುಗ್ಗುವ ನೂಲೇ ಹೊಕ್ಕು. ನೇಯುವವರು ನೇಯುತ್ತಾರೆ, ಬಣ್ಣದವರು ಬಣ್ಣ ಹಾಕುತ್ತಾರೆ, ಹೆಸರು ಅವರಿಗೆ. ಆದರೆ ಯಾವ ಮಗ್ಗದ ಹೊಟ್ಟೆಗೆ ಯಾವ ನೂಲು ಹೋಯಿತು ಎಂಬುದು ಗೊತ್ತಿರುವವಳು ಅವಳೊಬ್ಬಳೇ.

ಅವಳನ್ನು ಈ ಕೆಲಸಕ್ಕೆ ಕರೆತಂದವಳು ಗಂಡನ ಅಣ್ಣನ ಹೆಂಡತಿ. ಮನೆಯಲ್ಲಿ ಓರಗಿತ್ತಿ, ಮಿಲ್ಲಿನಲ್ಲಿ ಆರನೇ ಮಗ್ಗ ನೇಯುವವಳು, ಕರೆಯುವುದು ಮಾತ್ರ ಎರಡೂ ಕಡೆ ‘ಅಕ್ಕ’ ಎಂದೇ. ಒಂದೇ ಮನೆ, ಮೇಲೆ ಅಕ್ಕನ ಸಂಸಾರ, ಕೆಳಗೆ ಇವಳದು, ಅಡುಗೆ ಒಟ್ಟಿಗೆ. ಹೊಸದಾಗಿ ಬಂದಾಗ ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ ಅಕ್ಕ ಹೇಳಿದ್ದಳು: “ನೋಡೇ, ಒಳಗೆ ಹೋದ ಮೇಲೆ ಕಿವಿ ಇದೆ ಅನ್ನೋದನ್ನ ಮರೆತುಬಿಡು. ತುಟಿ ನೋಡು.” ನಲವತ್ತು ಮಗ್ಗಗಳು ಒಟ್ಟಿಗೆ ಓಡುವ ಜಾಗದಲ್ಲಿ ಮಾತಿಗೆ ದನಿಯಿಲ್ಲ. ತುಟಿಯಲ್ಲಿ ಆಡಬೇಕು, ಕಣ್ಣಲ್ಲಿ ಕೇಳಬೇಕು. ಮೊದಲ ತಿಂಗಳು ಅಕ್ಕ ದೂರದಿಂದ ‘ಹಸೀದು’ ಎಂದು ತುಟಿಯಾಡಿಸಿದಾಗ ಇವಳು ‘ಹಸಿದಿದೆ’ ಎಂದು ಓದಿ, ಓಡಿಹೋಗಿ ಊಟದ ಡಬ್ಬಿ ತಂದು ಕೈಗಿತ್ತಿದ್ದಳು. ಆ ಕಥೆ ಮನೆಯಲ್ಲಿ ವರ್ಷಕ್ಕೆರಡು ಸಲವಾದರೂ ಬಡಿಸಲ್ಪಡುತ್ತದೆ.

ತುಟಿ ಕಲಿಸಿದವಳು ಅಕ್ಕ. ನೂಲು ಕಲಿಸಿದ್ದು ಬೆರಳು. ಬಟ್ಟೆ ನೋಡಿದರೆ ಸಾಕು, ಗಾಡಿಯಮ್ಮನಿಗೆ ಅದರೊಳಗಿನ ಎಳೆ ಕಾಣುತ್ತದೆ. ರೇಷ್ಮೆಯ ಎಳೆಗೆ ಮೂಲೆಗಳಿವೆ. ಬೆಳಕು ಒಂದೊಂದು ಮೂಲೆಗೆ ತಾಗಿ ಒಂದೊಂದು ಬಗೆಯಾಗಿ ಹೊರಳುತ್ತದೆ, ಅದಕ್ಕೇ ಆ ಹೊಳಪು ಕಣ್ಣಿಗೆ ಚುಚ್ಚುವುದಿಲ್ಲ. ಪಾಲಿಯೆಸ್ಟರಿನದು ಗಾಜಿನ ಕಡ್ಡಿಯ ನುಣುಪು, ಹೊಳಪೂ ಗಾಜಿನದೇ. ಉಣ್ಣೆಯ ಎಳೆಗೆ ಮೀನಿನ ಹಾಗೆ ಪೊರೆಯಿದೆ. ಬೆಳಕನ್ನು ತನ್ನೊಳಗೇ ಇಟ್ಟುಕೊಂಡು ಕೂರುತ್ತದೆ. ಗಂಡನ ಪ್ಯಾಂಟಿನ ಹಿಂಭಾಗ ಮಿರಮಿರನೆ ಮಿಂಚತೊಡಗಿದಾಗ ಅವನು ಇಸ್ತ್ರಿಯವನನ್ನು ಬೈದಿದ್ದ. “ಅವನದೇನ್ರೀ ತಪ್ಪು? ಕೂತು ಕೂತು ಎಳೆ ಚಪ್ಪಟೆಯಾಗಿದೆ. ಎದ್ದು ಎರಡು ಕೊಡ ನೀರು ತಂದಿದ್ದರೆ ಮಿಂಚ್ತಾ ಇರಲಿಲ್ಲ,” ಎಂದಿದ್ದಳು. ನೆಂಟರ ಮದುವೆಗೆ ಹೋದರೆ ಯಾರೂ ಅವಳ ಪಕ್ಕ ಕೂರುವುದಿಲ್ಲ. ಮಾತಾಡುತ್ತಾ ಆಡುತ್ತಾ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, “ರೇಷ್ಮೆ ಅಂತ ಹೇಳಿ ಕೊಟ್ಟರಾ?” ಎಂದು ಕೇಳಿಬಿಡುತ್ತಾಳೆ ಎಂಬ ಭಯ.

ಹತ್ತಿಯದು ಬೇರೆಯೇ ಕಥೆ. ಗಿಡದ ಮೇಲೇ ಚೆನ್ನಾಗಿ ಬಲಿತ ಹತ್ತಿಯ ಎಳೆ ಗುಂಡಗೆ, ಒಳಗೆ ತುಂಬಿಕೊಂಡಿರುತ್ತದೆ. ಅವಸರಪಟ್ಟು ಬಿಡಿಸಿದ ಎಳಸು ಹತ್ತಿಯದು ಚಪ್ಪಟೆ, ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ. ಬಿಳಿಯಲ್ಲಿ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಬಣ್ಣ ಬಿದ್ದಾಗಲೇ ಗುಟ್ಟು ರಟ್ಟು. ತುಂಬಿದ ಎಳೆಯಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ, ಖಾಲಿ ಎಳೆಯಲ್ಲಿ ಪೇಲವ. ಹೀಗಾಗಿ ಮಿಲ್ಲಿನಲ್ಲಿ ಒಂದು ಕಟ್ಟುನಿಟ್ಟು: ಯಾವ ಕಂತಿನ ನೂಲಿನಿಂದ ಬಟ್ಟೆ ಶುರುವಾಯಿತೋ ಅದರಿಂದಲೇ ಮುಗಿಯಬೇಕು. ಕಂತು ಗುರುತಿಸಲು ಕೋನಿನ ಕಾಗದದ ತುದಿಗೆ ಬಣ್ಣ ಬಳಿದಿರುತ್ತಾರೆ. ಆ ತುದಿಯನ್ನು ‘ಮೂತಿ’ ಎನ್ನುವುದು ವಾಡಿಕೆ. ಈ ಸಲ ನೀಲಿ ಮೂತಿಯದು ಬಲಿತ ಹತ್ತಿ, ಆರನೇ ಮಗ್ಗಕ್ಕೆ. ಕಡುನೀಲಿ ಬಣ್ಣ ಹಾಕಿ ದಾದಿಯರ ಸಮವಸ್ತ್ರ ಹೊಲಿಯುವ ಬಟ್ಟೆಗೆ. ಹಸಿರು ಮೂತಿಯದು ಎಳಸು ಹತ್ತಿ, ಒಂಬತ್ತನೇ ಮಗ್ಗಕ್ಕೆ. ಬಿಳಿಯಾಗಿಯೇ ಮಾರುವ ಹಾಸಿಗೆ ಬಟ್ಟೆಗೆ. ಬಿಳಿಯಲ್ಲಿ ಎಲ್ಲವೂ ನಡೆಯುತ್ತದೆ.

ಸೋಮವಾರ ಮಧ್ಯಾಹ್ನ ಆರನೇ ಮಗ್ಗಕ್ಕೆ ಆರಿದ ನೀಲಿ ಮೂತಿ ಮುಗಿದುಹೋಯಿತು. ಗಾಡಿಯಲ್ಲಿದ್ದದ್ದು ಆಗಷ್ಟೇ ಹಬೆಯಿಂದ ತೆಗೆದ ನೀಲಿ ಮೂತಿ, ಮತ್ತು ಒಂಬತ್ತಕ್ಕೆ ಹೊರಟಿದ್ದ ಹಸಿರು ಮೂತಿ. ಗಾಡಿಯಮ್ಮ ಗಾಡಿ ನಿಲ್ಲಿಸಿ, ಏನು ಮಾಡಲಿ ಎಂದು ಕೈಯಲ್ಲೇ ಕೇಳಿದಳು. ಮಗ್ಗದ ಆಚೆಯಿಂದ ಅಕ್ಕ ತುಟಿಯಾಡಿಸಿದಳು. ಗಾಡಿಯಮ್ಮನಿಗೆ ಸ್ಪಷ್ಟವಾಗಿ ಕಂಡಿತು: ಹಸಿರ್ದೇ ಹಾಕು, ಪರವಾಗಿಲ್ಲ.

ಅವಳಿಗೆ ಅನುಮಾನ ಬಾರದೆ ಇರಲಿಲ್ಲ. ಹಸಿರು ಮೂತಿಯದಾ, ಎಂದು ಮತ್ತೆ ಕೇಳಲು ತನ್ನ ಬಾಯಿಗೆ ಬೆರಳಿಟ್ಟು ತೋರಿಸಿದಳು. ‘ಮೂತಿ’ಗೆ ಶೆಡ್ಡಿನಲ್ಲಿ ಅದೇ ಸನ್ನೆ. ಅಕ್ಕನ ಮುಖ ಕೆಂಡವಾಯಿತು. ಬಾಯಿ ಗಪ್ಪನೆ ಮುಚ್ಚಿ, ಸೊಂಯ್ಯನೆ ತಿರುಗಿ ಮಗ್ಗದ ಹಿಂದಕ್ಕೆ ಹೋಗಿಬಿಟ್ಟಳು. ಕಳೆದ ವಾರವಷ್ಟೇ ಅವಳು ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಳು. ಬೊಚ್ಚುಬಾಯಿ ಅಜ್ಜಿ ಎಂದು ಮೊಮ್ಮಗಳು ನಕ್ಕಿದ್ದೇ ನೆಪ. ಸೆಟ್ಟು ಬಂದ ದಿನದಿಂದ ಶೆಡ್ಡಿನಲ್ಲಿ ಯಾರು ಬಾಯಿಯ ಹತ್ತಿರ ಕೈ ಒಯ್ದರೂ ಅಕ್ಕನಿಗೆ ಅದು ತನ್ನ ಹಲ್ಲಿನ ವಿಷಯವೇ. ಹಿಂದೆ ಅವಳ ಮುಂದಿನ ಹಲ್ಲು ಬಿದ್ದ ಸಂದಿಯಲ್ಲಿ ‘ರ’ ಬಂದಾಗ ನಾಲಿಗೆಯ ತುದಿ ಇಣುಕುತ್ತಿತ್ತು. ನೋಡುವವರಿಗೆ ಅದೇ ಗುರುತು. ಈಗ ಸೆಟ್ಟು ಜಾರದಂತೆ ನಾಲಿಗೆ ಮಾತುಮಾತಿಗೂ ಮೇಲೆದ್ದು ಒತ್ತುತ್ತಿತ್ತು. ಎಲ್ಲ ಅಕ್ಷರದಲ್ಲೂ ‘ರ’ ಇದ್ದಂತೆ ಕಾಣುತ್ತಿತ್ತು. ಇದನ್ನೆಲ್ಲ ಗಾಡಿಯಮ್ಮ ಯೋಚಿಸಿದ್ದು ಆಮೇಲೆ. ಆಗ ಯೋಚಿಸಿದ್ದು ಇಷ್ಟೇ: ಅಕ್ಕ ಮೂವತ್ತು ವರ್ಷದಿಂದ ನೇಯುತ್ತಿರುವವಳು, ಆ ಬಟ್ಟೆಯನ್ನೂ ಬಿಳಿಯಾಗೇ ಬಿಡುತ್ತಾರೆ ಎಂದು ಶೆಡ್ಡಿನ ಮೇಸ್ತ್ರಿ ಹೇಳಿರಬೇಕು. ನಾಲ್ಕು ಹಸಿರು ಕೋನುಗಳನ್ನು ಆರನೇ ಮಗ್ಗಕ್ಕೆ ಇಟ್ಟು ಮುಂದೆ ಹೋದಳು.

ಮಂಗಳವಾರವಿಡೀ ಒಳಗೊಂದು ಸಣ್ಣ ಮುಳ್ಳು. ಕೇಳೋಣವೆಂದರೆ ಅಕ್ಕ ಮಾತು ಬಿಟ್ಟಿದ್ದಳು. ಬುಧವಾರ ಸಂಜೆಗೆ ಸಿಟ್ಟು ಇಳಿದಿತ್ತು. ಅಕ್ಕ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಲೋಟದ ನೀರಿನಲ್ಲಿ ಸೆಟ್ಟನ್ನು ಮುಳುಗಿಸಿಟ್ಟು, ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು. ಬಾಯಲ್ಲಿ ಸೆಟ್ಟು ಇಲ್ಲದ್ದರಿಂದ ಮಾತು ಹಳೆಯ ಅಕ್ಕನದೇ ಆಗಿತ್ತು.

“ಆ ಕಡುನೀಲಿ ಬಟ್ಟೆ ಇವತ್ತು ಮಗ್ಗದಿಂದ ಇಳೀತು ಕಣೇ. ನಾಳೆ ಬಣ್ಣಕ್ಕೆ ಹೋಗುತ್ತೆ. ಮೊನ್ನೆ ಹಸೀದೇ ಹಾಕು ಅಂದೆನಲ್ಲ, ಒಂದು ಸಲಾನೂ ನೂಲು ಹರೀಲಿಲ್ಲ ನೋಡು. ಸುಮ್ನೆ ಒಂದು ರಾತ್ರಿ ಆರಿಸ್ತಾರೆ ಇವರು.”

ಗಾಡಿಯಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ನಿಂತಿತು. “ಏನ್ ಹಾಕು ಅಂದ್ರಿ?”

“ಹಸೀದು. ಇನ್ನೇನು, ನಿನ್ನ ಊಟದ ಡಬ್ಬಿನಾ?” ಅಕ್ಕ ಒಬ್ಬಳೇ ನಕ್ಕಳು. ಆಮೇಲೆ ಕೈಯ ಚಾಕು ನಿಲ್ಲಿಸಿ, “ಈ ಬಟ್ಟೆ ಒಂದು ಚೆನ್ನಾಗಿ ದಾಟಿದರೆ ಸಾಕಪ್ಪ. ಎಣ್ಣೆ ಕಲೆಗೆ ಅಂತ ಆಗಲೇ ಒಂದು ಎಚ್ಚರಿಕೆ ಕಾಗದ ಕೊಟ್ಟಾಗಿದೆ. ಇನ್ನೊಂದು ಕೊಟ್ಟರೆ ಮಗ್ಗ ಕಿತ್ಕೊಂಡು ಚಿಂದಿ ಕೋಣೆಗೆ ಹಾಕ್ತಾರಂತೆ. ಚಿಂದಿ ಆರಿಸ್ಕೊಂಡು ಕೂರೋಕಾ ನಾನು ಹಲ್ಲು ಕಟ್ಟಿಸಿದ್ದು?”

ಗಾಡಿಯಮ್ಮ ಪಾತ್ರೆಯತ್ತ ತಿರುಗಿ ಸೌಟಾಡಿಸಿದಳು. ಹೇಳಲು ಬಾಯಿ ತೆರೆದರೆ ಮೊದಲು ಬರುವ ಮಾತೇ ಹಲ್ಲಿನದು.  ಮಗ್ಗದಿಂದ ಕತ್ತರಿಸಿ ಇಳಿಸುವ ಪ್ರತಿ ತುಂಡಿನ, ಅಂದರೆ ಥಾನಿನ, ಅಂಚಿನ ಮೇಲೂ ಮಗ್ಗದ ಸಂಖ್ಯೆ ಒತ್ತಿರುತ್ತಾರೆ. ಕಡುನೀಲಿಯ ನಡುವೆ ನೂರಕ್ಕೂ ಹೆಚ್ಚು ಮೀಟರು ತೊಳೆದು ಬಿಟ್ಟಂತೆ ಪೇಲವವಾಗಿ ಬರುತ್ತದೆ. ದಾದಿಯ ಬಲಗಾಲು ಒಂದು ಬಣ್ಣ, ಎಡಗಾಲು ಇನ್ನೊಂದು. ವಾಪಸು ಬಂದ ಬಟ್ಟೆಯನ್ನು ತಿರುಗಿಸಿ ಅಂಚು ನೋಡುತ್ತಾರೆ. ಆರು. ಗಾಡಿಗೆ ಸಂಖ್ಯೆಯಿಲ್ಲ. ಗಾಡಿಯಮ್ಮನ ಹೆಸರು ಯಾವ ಅಂಚಿನಲ್ಲೂ ಇಲ್ಲ.

ಗುರುವಾರ ಬೆಳಗ್ಗೆ ಮೊದಲ ಸುತ್ತು ಮುಗಿದೊಡನೆ ಗಾಡಿಯನ್ನು ಕಂಬಕ್ಕೆ ಒರಗಿಸಿ ತಪಾಸಣೆ ಕೋಣೆಗೆ ಹೋದಳು. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಬಟ್ಟೆ ಹರಿಯುತ್ತಿತ್ತು. ತಪಾಸಣೆಯವನು ಕಣ್ಣು ಕೀಳದೆ ಹೇಳಿದ: “ನಿಮ್ಮ ಅಕ್ಕನ ಬಟ್ಟೆ ತಾನೇ? ಆಗಲೇ ಹೋಯ್ತು. ಹಾಲು ಕಣ್ರೀ, ಹಾಲು. ಒಂದು ಕಲೆ ಇಲ್ಲ.”

“ಎಲ್ಲಿಗೆ ಹೋಯ್ತು?”

“ಇನ್ನೆಲ್ಲಿಗೆ? ಬಣ್ಣದ ಮನೆಗೆ. ಊಟ ಮುಗಿದ ಮೇಲೆ ತೊಟ್ಟಿಗೆ ಇಳಿಸ್ತಾರೆ. ಯಾಕೆ, ದೃಷ್ಟಿ ತೆಗೀಬೇಕಿತ್ತಾ?”

ಊಟದ ಗಂಟೆಗೆ ಇನ್ನೂ ಎರಡು ತಾಸು. ಗಾಡಿ ಬಿಟ್ಟುಹೋದರೆ ಮಗ್ಗಗಳು ನೂಲಿಲ್ಲದೆ ಬಾಯಿ ಬಿಡುತ್ತವೆ. ಅವಳು ಮತ್ತೆ ಗಾಡಿಯ ಬಳಿಗೆ ಓಡಿದಳು. ಓಡುತ್ತಾ ಮನಸ್ಸಿನಲ್ಲಿ ವಾದ ಹೂಡಿದಳು. ಬಹುಶಃ ಅಷ್ಟೇನೂ ಕಾಣಲಿಕ್ಕಿಲ್ಲ. ಈ ಕಂತು ಅಷ್ಟು ಎಳಸಲ್ಲದೆಯೂ ಇರಬಹುದು. ಸುಮ್ಮನಿದ್ದರೆ ದೇವರಿಗೂ ತಿಳಿಯದು. ಮೂರನೇ ಸುತ್ತಿನಲ್ಲಿ ಆರನೇ ಮಗ್ಗದ ಹತ್ತಿರ ಬಂದಾಗ ಅಕ್ಕ ತುಟಿ ಬಿಗಿಹಿಡಿದು, ಹಲ್ಲು ಕಾಣದಂತೆ ನಕ್ಕಳು. ಗಾಡಿಯಮ್ಮ ಕಣ್ಣು ತಪ್ಪಿಸಿದಳು. ಖಾಲಿ ಕೋನುಗಳ ಬುಟ್ಟಿಯಲ್ಲಿ ಕೈಯಾಡಿಸಿ, ಒಂದು ನೀಲಿ ಮೂತಿ, ಒಂದು ಹಸಿರು ಮೂತಿ ಎತ್ತಿಕೊಂಡಳು. ತಳದಲ್ಲಿ ಇನ್ನೂ ಒಂದಿಷ್ಟು ನೂಲು ಸುತ್ತಿಕೊಂಡಿತ್ತು.

ಗಂಟೆ ಹೊಡೆದ ಕೂಡಲೇ ಬಣ್ಣದ ಮನೆ. ಅಲ್ಲಿನ ಮುಖ್ಯಸ್ಥನನ್ನು ಎಲ್ಲರೂ ನೀಲಿಗೈಯವರು ಎನ್ನುತ್ತಾರೆ. ಮೊಣಕೈವರೆಗೂ ತೊಳೆದರೂ ಹೋಗದ ನೀಲಿ, ಉಗುರಿನೊಳಗೆ ಇನ್ನಷ್ಟು. ಅವರು ಕಾಗದ ಹಾಸಿ ಊಟಕ್ಕೆ ಕೂತಿದ್ದರು. ಅವರ ಹಿಂದೆ ಆರನೇ ಮಗ್ಗದ ಥಾನುಗಳು ತುದಿಗೆ ತುದಿ ಹೊಲಿಸಿಕೊಂಡು, ಎರಡು ಸಾವಿರ ಮೀಟರು, ದೊಡ್ಡ ತಳ್ಳುಬಂಡಿಯಲ್ಲಿ ಮಡಿಕೆ ಮಡಿಕೆಯಾಗಿ ಬಿದ್ದಿದ್ದವು. ತೊಟ್ಟಿಯಲ್ಲಿ ನೀರು ಆಗಲೇ ಕುದಿಯುತ್ತಿತ್ತು.

“ಅಣ್ಣಾ, ಆ ಬಟ್ಟೆ ಇಳಿಸಬೇಡಿ. ಅದರಲ್ಲಿ ಹಸಿರು ಮೂತಿ ಬೆರೆತಿದೆ.”

“ಯಾರು ಹೇಳಿದ್ದು?”

“ಹಾಕಿದವಳು ನಾನು.”

ನೀಲಿಗೈಯವರು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. “ತಪಾಸಣೆ ಆಗಿದೆ, ಸಹಿ ಆಗಿದೆ, ನೀರು ಕಾದಿದೆ. ಈಗ ನಿಲ್ಲಿಸು ಅಂದ್ರೆ ನಾನು ಏನಂತ ಬರೀಲಿ? ಗಾಡಿಯಮ್ಮನಿಗೆ ಕನಸು ಬಿತ್ತು ಅಂತಲಾ? ಎರಡೂ ಹತ್ತಿ, ಎರಡೂ ಬಿಳಿ, ಎರಡೂ ಒಂದೇ ದಪ್ಪ.”

ಅವಳು ಎರಡು ಕೋನುಗಳನ್ನು ಮೇಜಿನ ಮೇಲಿಟ್ಟಳು. “ಲೋಟದಲ್ಲಿ ಅದ್ದಿ ನೋಡಿ. ಒಂದೇ ಬಣ್ಣ ಬಂದರೆ ನಾನು ಹೋಗ್ತೀನಿ.”

ಗೊಣಗುತ್ತಲೇ ಅವರು ಎದ್ದರು. ಎರಡೂ ನೂಲನ್ನು ಅಂಗೈಯುದ್ದ ಲಡಿ ಮಾಡಿ, ಹಸಿರು ಮೂತಿಯದಕ್ಕೆ ಗಂಟು ಹಾಕಿ, ಸ್ಟೀಲಿನ ಲೋಟದ ಕಡುನೀಲಿಯಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟರು. ಹತ್ತು ನಿಮಿಷ. ಗೋಡೆ ಗಡಿಯಾರದ ಮುಳ್ಳಿಗೆ ನಡೆಯಲು ಮನಸ್ಸೇ ಇರಲಿಲ್ಲ. ಹೊರಗೆ ತೆಗೆದು, ತೊಳೆದು, ಎರಡನ್ನೂ ಪಕ್ಕಪಕ್ಕ ಹಿಡಿದರು. ಎರಡೂ ಒಂದೇ. ಕಪ್ಪಿಗೆ ತಿರುಗುವ ಆಳದ ನೀಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ನೋಡಿದ್ರಾ?” ಎಂದರು ನೀಲಿಗೈಯವರು.

 ಗಾಡಿಯಮ್ಮನಿಗೆ ಒಂದು ಗಳಿಗೆ, ಸರಿ, ಹಾಗಾದರೆ ಸರಿ, ಎಂದು ಓಡಿಹೋಗುವ ಆಸೆಯಾಯಿತು. ಆದರೆ ಬಾಯಿಂದ ಬಂದದ್ದು ಬೇರೆ: “ಒದ್ದೆ ಇದೆ ಅಣ್ಣಾ. ಒದ್ದೆಯಲ್ಲಿ ಎಲ್ಲರೂ ಕಪ್ಪೇ. ಒಣಗಲಿ.”

ಹಬೆಯ ಕೊಳವೆಯ ಮೇಲೆ ಎರಡು ಲಡಿಗಳನ್ನೂ ಹಾಸಿದರು. ಇಬ್ಬರೂ ಬಗ್ಗಿ ನಿಂತರು. ಮೊದಲು ಏನೂ ಇಲ್ಲ. ಆಮೇಲೆ ಗಂಟು ಹಾಕಿದ ಲಡಿಯ ಅಂಚಿನಿಂದ ಬಣ್ಣ ಹಿಂದಕ್ಕೆ ಸರಿಯತೊಡಗಿತು, ಸಂಜೆಯ ಆಕಾಶದಿಂದ ಬೆಳಕು ಸರಿದ ಹಾಗೆ, ಎಲ್ಲಿ ಶುರುವಾಯಿತು ಎಂದು ತೋರಿಸಲಾಗದಂತೆ. ನೀಲಿ ಮೂತಿಯದು ಒಣಗಿಯೂ ಗಾಢವಾಗಿಯೇ ಉಳಿಯಿತು. ಹಸಿರು ಮೂತಿಯದು ನೂರು ಸಲ ಒಗೆದ ಅಂಗಿಯಾಯಿತು. ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು, ಬಣ್ಣವನ್ನು ಒಳಗೇ ಬಿಟ್ಟುಕೊಳ್ಳದ ಎಳಸು ಎಳೆಗಳ ಗಂಟು.

ನೀಲಿಗೈಯವರು ನಿಟ್ಟುಸಿರು ಬಿಟ್ಟು ಊಟದ ಕಾಗದ ಮಡಚಿದರು. “ಎರಡು ಸಾವಿರ ಮೀಟರಲ್ಲಿ ಎಲ್ಲಿದೆ ಅಂತ ಹುಡುಕ್ತೀರಿ? ಇಳಿಸೋಕೆ ಇನ್ನು ಕಾಲು ಗಂಟೆ ಇದೆ.”

“ಕೊನೆಗೆ ನೇಯ್ದ ತುದಿಯಿಂದ ಲೆಕ್ಕ ಹಾಕಿದರೆ ಮೂರನೇ ಥಾನು. ಅಲ್ಲಿಂದ ಎಳೀರಿ.”

ಅವರು ಬಟ್ಟೆಯನ್ನು ಕಿಟಕಿಯ ಕಡೆಗೆ ಎಳೆಯುತ್ತಾ ಹೋದರು. ಅವಳು ಕಣ್ಣು ಮುಚ್ಚಿ, ಒಂದು ಅಂಗೈ ಕೆಳಗೆ, ಒಂದು ಅಂಗೈ ಮೇಲೆ ಇಟ್ಟು ನಡುವೆ ಬಟ್ಟೆಯನ್ನು ಹರಿಯಬಿಟ್ಟಳು. ಬಲಿತ ಹತ್ತಿಯ ಬಟ್ಟೆಗೆ ಬೆನ್ನೆಲುಬಿದೆ, ಹಿಡಿದರೆ ಕೈಯನ್ನು ತಿರುಗಿ ಒತ್ತುತ್ತದೆ. ಎಳಸಿನದು ಜೋತುಬೀಳುತ್ತದೆ. ಎಂಬತ್ತು, ತೊಂಬತ್ತು, ನೂರು ಮೀಟರು. ಅಂಗೈ ಬೆವತು ಏನೂ ತಿಳಿಯದಾಯಿತು. ಒರೆಸಿಕೊಂಡಳು. ಮತ್ತೆ. ನೀಲಿಗೈಯವರು ಗಡಿಯಾರ ನೋಡಿದರು. ನೋಡಿದ್ದು ಅವಳಿಗೆ ತಿಳಿಯಿತು.

“ನಿಲ್ಲಿ.”

ಕಣ್ಣು ತೆರೆದು, ಬಗ್ಗಿ, ಕೆನ್ನೆ ಬಟ್ಟೆಗೆ ತಾಗುವಷ್ಟು ಕೆಳಗಿನಿಂದ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದಳು. ಈಚೆಗೆ ಬೆಳಕು ಗುಂಡನೆಯ ಎಳೆಗಳ ಮೇಲೆ ಜಾರಿ ಸಣ್ಣಗೆ ಮಿಂಚುತ್ತಿತ್ತು. ಆಚೆಗೆ ಅದೇ ಬಿಳಿ, ಆದರೆ ಮಂಕು. ತಿರುಚಿದ ಚಪ್ಪಟೆ ಎಳೆಗಳಲ್ಲಿ ಬೆಳಕು ಅಲ್ಲಲ್ಲೇ ಚೆಲ್ಲಿಹೋಗಿತ್ತು. ನಡುವೆ, ಅಡ್ಡಕ್ಕೆ, ಉಗುರಿನಲ್ಲಿ ಗೀರಿದಂತೆ ಒಂದು ಗೆರೆ. ನೀಲಿಗೈಯವರೂ ಬಗ್ಗಿದರು. ಮೊದಲು ಕಾಣಲಿಲ್ಲ. ಆಮೇಲೆ ಕಂಡು, “ಅಯ್ಯೋ ನಿಮ್ಮ!” ಎಂದರು.

ನೂರ ಹನ್ನೆರಡು ಮೀಟರು ಕತ್ತರಿಸಿ ಬಂತು. ಒಂಬತ್ತನೇ ಮಗ್ಗದ ಬಿಳಿಯ ಜೊತೆಗೆ ಸೇರಿಸಬಹುದು, ನಷ್ಟವೇನೂ ಇಲ್ಲ. ಉಳಿದದ್ದನ್ನು ಮತ್ತೆ ಹೊಲಿದು ತೊಟ್ಟಿಗೆ ಇಳಿಸಿದರು. ನೀಲಿಗೈಯವರು ಚೀಟಿ ತೆಗೆದು, ಕತ್ತರಿಸಿದ ಕಾರಣ ಎಂಬಲ್ಲಿ ಪೆನ್ನು ಊರಿದರು.

“ಕಂತು ಬೆರೆತಿದೆ, ಸರಿ. ಯಾರಿಂದ?”

“ಗಾಡಿಯಿಂದ ಅಂತ ಬರೀರಿ.”

“ಎಳಸು ಹತ್ತಿ, ಹಸಿ ಹತ್ತಿ,” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಅವರು ಬರೆದರು. ಆ ಪದ ಕೇಳಿ ಗಾಡಿಯಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಹಸಿರ್ದು ಎಂದರೂ ಹಸೀದೇ ಆಗಿತ್ತಲ್ಲ.

ಚೀಟಿ ಅವಳಿಗಿಂತ ಮೊದಲೇ ಶೆಡ್ಡಿಗೆ ಮುಟ್ಟಿತು. ನಾಲ್ಕು ಗಂಟೆಗೆ ಪಾಳಿ ಬದಲಾಗುವ ಹೊತ್ತಿಗೆ ಶೆಡ್ಡಿನ ಮೇಸ್ತ್ರಿ ಕರೆಕಳಿಸಿದರು. ಶೆಡ್ಡಿನ ಮೂಲೆಯಲ್ಲಿ ಗಾಜಿನ ಗೋಡೆಯ ಅವರ ಕೋಣೆ. ಬಾಗಿಲು ಹಾಕಿದರೆ ಮಗ್ಗಗಳ ಸದ್ದು ದೂರದ ಜಾತ್ರೆಯಂತೆ ಕೇಳುತ್ತದೆ. ಒಳಗೆ ಅಕ್ಕ ಆಗಲೇ ನಿಂತಿದ್ದಳು. ತುಟಿಗಳನ್ನು ಚೀಲದ ಬಾಯಿಯಂತೆ ಬಿಗಿದಿದ್ದಳು.

“ಗಾಡಿಯಮ್ಮ, ಇಪ್ಪತ್ತಾರು ವರ್ಷದಲ್ಲಿ ನೀವು ಒಂದು ಕೋನು ತಪ್ಪಿಟ್ಟಿಲ್ಲ,” ಎಂದರು ಮೇಸ್ತ್ರಿ. “ಈಗ ಒಂದಲ್ಲ, ನಾಲ್ಕು. ಯಾರೋ ಹೇಳಿರಬೇಕು.”

“ಯಾರೂ ಹೇಳಿಲ್ಲ. ನಾನೇ ನೋಡದೆ ಇಟ್ಟೆ.”

“ಕಣ್ಣು ಕಾಣಲ್ವಾ ಹಾಗಾದ್ರೆ?” ಮೇಸ್ತ್ರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. “ಕಣ್ಣು ಕಾಣದವರ ಕೈಗೆ ಗಾಡಿ ಕೊಡೋಕಾಗಲ್ಲ. ನೇಕಾರರೇ ತಪ್ಪು ಹೇಳಿದ್ದರೆ ಅದು ಬೇರೆ ಮಾತು, ಅದರ ಕಾಗದ ಬೇರೆ.”

“ನಾನು ಹಸೀದು ಹಾಕು ಅಂದಿದ್ದೆ,” ಎಂದಳು ಅಕ್ಕ. ದನಿ ಸಣ್ಣದಾಗಿತ್ತು. ಆಮೇಲೆ ಗಾಡಿಯಮ್ಮನ ಕಡೆಗೆ ತಿರುಗಿ, “ನೀನು ಬಾಯಿ ತೋರಿಸಿ ಅಣಕಿಸಿದೆಯಲ್ಲ, ಅದಕ್ಕೇ ಸಿಟ್ಟು ಬಂತು.”

“ಅಣಕಿಸಿಲ್ಲ ಅಕ್ಕಾ. ಮೂತಿ ಅಂತ ಕೇಳಿದ್ದು.”

“ಮೂತಿ?” ಎಂದಳು ಅಕ್ಕ. ಮಗ್ಗದ ಲೆಕ್ಕ ಅವಳ ತಲೆಯೊಳಗೆ ಹಿಂದಕ್ಕೆ ಓಡುತ್ತಿದ್ದುದು ಮುಖದಲ್ಲೇ ಕಂಡಿತು. ನೀಲಿ ಮೂತಿ, ಹಸಿರು ಮೂತಿ, ಹಸೀದು. ಅವಳ ಕೈ ತಾನಾಗಿ ಬಾಯಿಯ ಹತ್ತಿರ ಹೋಗಿ, ಅರ್ಧಕ್ಕೇ ಇಳಿಯಿತು.

ಮೇಸ್ತ್ರಿ ಇಬ್ಬರನ್ನೂ ನೋಡಿದರು. ಅವರೂ ಶೆಡ್ಡಿನಲ್ಲೇ ಬೆಳೆದವರು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಒಂದು ಕೆಲಸ ಮಾಡಿ. ಆರನೇ ಮಗ್ಗದಮ್ಮ, ಸೋಮವಾರ ಏನು ಹೇಳಿದಿರೋ ಅದನ್ನ ಈಗ ಹೇಳಿ. ದನಿ ಬೇಡ, ತುಟಿ ಅಷ್ಟೇ. ಗಾಡಿಯಮ್ಮ ಓದಲಿ. ತಪ್ಪು ಬಾಯಿಯದಾ ಕಣ್ಣಿನದಾ, ಇಲ್ಲೇ ಗೊತ್ತಾಗುತ್ತೆ.”

 ಅಕ್ಕ ಗೋಡೆಯ ಕಡೆ ಒಮ್ಮೆ ನೋಡಿ, ಓರಗಿತ್ತಿಯ ಎದುರು ನೇರವಾಗಿ ನಿಂತಳು. ತುಟಿ ತೆರೆದಳು. ಸೆಟ್ಟು ಬಂದ ಮೇಲೆ ಮೊದಲ ಸಲ ಅಷ್ಟು ಅಗಲವಾಗಿ. ಎಲ್ಲ ಹಲ್ಲೂ ಕಂಡವು, ಹೊಸವು, ಒಂದೇ ಸಮ, ಹಾಲು ಬಿಳಿ.

ಗಾಡಿಯಮ್ಮ ಓದಿದಳು. ಮತ್ತೆ ಅದೇ. ಸೋಮವಾರ ಕಂಡದ್ದಕ್ಕಿಂತಲೂ ಸ್ಪಷ್ಟವಾಗಿ, ಅಕ್ಷರ ಅಕ್ಷರವೂ: ಹಸಿರ್ದೇ ಹಾಕು.

ಹಾಗಾದರೆ ಸೆಟ್ಟಿನದೇ ತಪ್ಪು.  ನಿಜ ಹೇಳಿದರೆ ಗಾಡಿ ತನ್ನ ಕೈಯಲ್ಲೇ ಉಳಿಯುತ್ತದೆ. ಅಕ್ಕ ನಾಳೆಯಿಂದ ಚಿಂದಿ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಯ ಕೆಳಗೆ, ತುಂಡು ನೂಲು ಆರಿಸುತ್ತಾ ಕೂರುತ್ತಾಳೆ. ಮನೆಗೆ ಬಂದು ಹಲ್ಲನ್ನು ಲೋಟಕ್ಕೆ ಹಾಕಿದರೆ ಮತ್ತೆ ತೆಗೆಯುವುದಿಲ್ಲ.

“ಏನು ಕಾಣಿಸ್ತು?” ಎಂದರು ಮೇಸ್ತ್ರಿ.

“ಹಸೀದು,” ಎಂದಳು ಗಾಡಿಯಮ್ಮ. “ಹಸೀದೇ ಹಾಕು ಅಂದ್ರು. ಚೆನ್ನಾಗೇ ಕಾಣಿಸ್ತು. ಸೋಮವಾರ ನಾನೇ ಸರಿಯಾಗಿ ನೋಡಲಿಲ್ಲ.”

“ಏ ಹುಚ್ಚಿ!” ಅಕ್ಕನ ದನಿ ಗಾಜಿಗೆ ಬಡಿಯಿತು. “ಸುಳ್ಳು ಹೇಳ್ತೀಯಾ? ಈಗ ನಾನು ಹಸಿರ್ದು ಅಂತಲೇ ಅಂದದ್ದು ಕಣೇ! ನಿನ್ನ ಗಾಡಿ ಉಳೀಲಿ ಅಂತ ಬೇಕಂತಲೇ ಅಂದೆ. ಮೇಸ್ತ್ರಿಗಳೇ, ಇವಳ ಕಣ್ಣಿಗೇನೂ ಆಗಿಲ್ಲ, ನನ್ನ ಬಾಯೇ—”

“ಒಬ್ಬೊಬ್ಬರಾಗಿ ಮಾತಾಡಿ,” ಎಂದರು ಮೇಸ್ತ್ರಿ. “ಅಮ್ಮಾ, ನೀವು ಬೇಕಂತಲೇ ಅಂದಿರಾ? ಸೋಮವಾರ ಏನಂದಿರಿ ಅಂತ ನಾನು ಕೇಳಿದ್ದು. ಗಾಡಿಯಮ್ಮ, ನೀವು ಹೇಳಿ, ಇದು ಕೊನೇ ಸಲ, ಈ ಚೀಟಿಯಲ್ಲಿ ಯಾರ ಹೆಸರು ಬರೀಲಿ?”

ಗಾಡಿಯಮ್ಮ ಅಕ್ಕನ ಮುಖ ನೋಡಿದಳು. ಅಕ್ಕನ ತುಟಿಗಳು ಮತ್ತೇನೋ ಹೇಳುತ್ತಿದ್ದವು, ದನಿಯಿಲ್ಲದೆ, ಬೇಗಬೇಗ, ಅವಳಿಗೆ ಮಾತ್ರ. ಓದಿದರೆ ಉತ್ತರ ಕೊಡಬೇಕಾಗುತ್ತದೆ. ಅವಳು ಓದಲಿಲ್ಲ.

“ಎರಡನೇ ಪಾಳಿಯವರಿಗೆ ನೂಲಿಲ್ಲ,” ಎಂದಳು.

“ಗಾಡಿಯಮ್ಮ, ನಾನು ಕೇಳ್ತಾ ಇದೀನಿ—”

“ಏ, ನಿಲ್ಲೇ! ಎಲ್ಲಿಗೇ ಹೊರಟೆ? ಮಾತು ಮುಗೀಲಿಲ್ಲ—”

ಅವಳು ಬಾಗಿಲು ತೆಗೆದಳು. ನಲವತ್ತು ಮಗ್ಗಗಳ ಸದ್ದು ಒಮ್ಮೆಲೇ ಒಳನುಗ್ಗಿ ಅಕ್ಕನ ಮಾತನ್ನೂ ಮೇಸ್ತ್ರಿಯ ಮಾತನ್ನೂ ನುಂಗಿತು. ಬೆನ್ನ ಹಿಂದೆ ಇಬ್ಬರ ತುಟಿಗಳೂ ಇನ್ನೂ ಆಡುತ್ತಲೇ ಇದ್ದಿರಬೇಕು. ತಿರುಗಿ ನೋಡದೆ, ಮಗ್ಗಗಳ ನಡುವಿನ ಓಣಿಯಲ್ಲಿ ತನ್ನ ಗಾಡಿಯ ಕಡೆಗೆ ನಡೆದುಬಿಟ್ಟಳು.